ಮಾನ ಅವರಿಗೆ, ದಂಡ ನಮಗೆ

ಕನ್ನಡ ವಿಮರ್ಶೆಗೆ ಬಹಳ ಪ್ರಿಯವಾದ ಮಾತು ಮಾನದಂಡ. ಕವಿತೆ ಗಟ್ಟಿಯೋ ಜೊಳ್ಳೋ ಅಂತ ಅಳೆಯೋದಕ್ಕೆ ಮಾನದಂಡ, ಲೇಖಕ ದೊಡ್ಡವನೋ ಚಿಕ್ಕವನೋ ಅಂತ ತೂಗೋದಕ್ಕೆ ಮಾನದಂಡ. ಈ ಮಾತನ್ನು ಬಿಡಿಸಿದರೆ ಒಳಗೆ ಎರಡು ಮಾತಿವೆ. ಮಾನ ಅಂದರೆ ಅಳತೆ, ಮರ್ಯಾದೆಯೂ ಹೌದು. ದಂಡ ಅಂದರೆ ಕೋಲು, ಜುಲ್ಮಾನೆಯೂ ಹೌದು. ಹಟ್ಟಿಯಲ್ಲಿ, ಹಾಡಿಯಲ್ಲಿ, ಟಾರ್ಪಾಲು ಹೊದ್ದ ಶೆಡ್ಡಿನಲ್ಲಿ ಹುಟ್ಟಿದವರಿಗೆ ಇವೆರಡನ್ನೂ ಒಟ್ಟಿಗೆ ಯಾರೂ ಕೊಟ್ಟಿಲ್ಲ. ಮಾನ ಮೇಲಿನ ಬೀದಿಗೆ ಹೋಯಿತು, ದಂಡ ಕೆಳಗಿನ ಕೇರಿಗೆ ಬಂತು. ಪುಸ್ತಕಗಳನ್ನು ಅಳೆಯುವ ಮೊದಲು ಆ ಅಳತೆಗೋಲನ್ನೇ ಒಮ್ಮೆ ಅಳೆದು ನೋಡೋಣ ಎಂಬುದು ಈ ಬರಹದ ಉದ್ದೇಶ.

ಬೆಂಗಳೂರಿನ ಅಂಚಿಗೆ ಹೋಗಿ. ಪೀಣ್ಯದ ಕಾರ್ಖಾನೆಗಳ ಗೇಟಿನಲ್ಲಿ, ವೈಟ್‌ಫೀಲ್ಡಿನ ಟೆಕ್‌ಪಾರ್ಕುಗಳ ಕಾಂಪೌಂಡಿನ ಈಚೆ, ಎಲೆಕ್ಟ್ರಾನಿಕ್ ಸಿಟಿಯಿಂದ ಜಿಗಣಿ ಮೇಲೆ ಬನ್ನೇರುಘಟ್ಟದ ಹಕ್ಕಿಪಿಕ್ಕಿ ಕಾಲೊನಿ ಕಡೆಗೆ ಹೋಗುವ ದಾರಿಯಲ್ಲಿ, ಎಲ್ಲ ಕಡೆಯೂ ಒಂದೇ ದೂರು. ಸೂಪರ್‌ವೈಸರ್ ಹೇಳ್ತಾನೆ, ಮೇಷ್ಟ್ರು ಹೇಳ್ತಾರೆ, ಸೇವೆ ಮಾಡೋಕೆ ಬಂದವರೂ ಹೇಳ್ತಾರೆ: "ಇವು ಉದ್ಧಾರ ಆಗಲ್ಲ ಬಿಡಿ. ಬಂದ ದುಡ್ಡನ್ನೆಲ್ಲ ಕುಡೀತವೆ. ಒಂದು ಕಡೆ ನಿಲ್ಲಲ್ಲ. ನಾಳೆಗೆ ಅಂತ ನಾಕು ಕಾಸು ಉಳಿಸಲ್ಲ. ಮಕ್ಕಳನ್ನ ಸ್ಕೂಲಿಗೆ ಕಳಿಸಲ್ಲ. ದೊಡ್ಡೋರು ದೊಡ್ಡೋರ ಥರ ಇದ್ದರೆ ತಾನೇ?"

ಈ ಮಾತಿನಲ್ಲಿರುವ 'ಕುಡೀತವೆ' ಎಂಬ ಕ್ರಿಯಾಪದವನ್ನು ಗಮನಿಸಬೇಕು. ಕನ್ನಡದಲ್ಲಿ ಮಗು ನಪುಂಸಕಲಿಂಗ. ಮಗು ಅಳುತ್ತದೆ, ಮಕ್ಕಳು ಆಡ್ತವೆ. ದನವೂ ಹಾಗೇ, ಮೇಯ್ತವೆ. ಇಂಜಿನಿಯರು ಕುಡೀತಾರೆ, ಡಾಕ್ಟ್ರು ಕುಡೀತಾರೆ. ಹಕ್ಕಿಪಿಕ್ಕಿ, ಇರುಳಿಗ, ಹೊಲೆಯ, ಮಾದಿಗ ಮಾತ್ರ ಕುಡೀತವೆ. ತಲೆ ನರೆತ ಮುದುಕನನ್ನು ಗೌಡರ ಮನೆಯ ಹತ್ತು ವರ್ಷದ ಹುಡುಗ 'ಬಾರ್ಲಾ' ಅಂತ ಕರೆಯೋದನ್ನು ನಮ್ಮ ಹಳ್ಳಿಗಳು ಕಂಡಿವೆ. ಟೆಕ್‌ಪಾರ್ಕು ಈ ವ್ಯಾಕರಣವನ್ನು ಇಂಗ್ಲಿಷಿಗೆ ತಂದುಕೊಂಡಿದೆ. ಐವತ್ತು ದಾಟಿದವನೂ ಅಲ್ಲಿ ಆಫೀಸ್ ಬಾಯ್. ಗುಡಿಸುವ ಹೆಂಗಸು ಮೊಮ್ಮಕ್ಕಳನ್ನು ಕಂಡಿದ್ದರೂ ಹೌಸ್‌ಕೀಪಿಂಗ್ ಹುಡುಗಿ. ಕೂಲಿ ಕೊಡುವಾಗ, ಕರೆಯುವಾಗ, ಸಾಲಿನಲ್ಲಿ ನಿಲ್ಲಿಸುವಾಗ ನಾವು ಮಕ್ಕಳು. ದಂಡ ಹಾಕುವ ಗಳಿಗೆಯಲ್ಲಿ ಮಾತ್ರ ದಿಢೀರನೆ ದೊಡ್ಡವರಾಗಿಬಿಡುತ್ತೇವೆ.

ಗೆಳೆಯರೇ, ಈ ವ್ಯಾಕರಣವನ್ನು ಕಾನೂನು ಮಾಡಿದ ಚರಿತ್ರೆಯೂ ಇದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಒಬ್ಬ ಮನುಷ್ಯ ಏನು ಮಾಡಿದ ಅಂತ ಕೇಳದೆ, ಯಾವ ಹೊಟ್ಟೆಯಲ್ಲಿ ಹುಟ್ಟಿದ ಅಂತ ಕೇಳಿ ಕಳ್ಳ ಅಂದ ಕಾಯ್ದೆ ಅದು. ಮುಂದೆ ನಮ್ಮ ನಾಡಿನ ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ತಂತಿಬೇಲಿಯ ಸೆಟ್ಲ್‌ಮೆಂಟುಗಳು ಎದ್ದವು. ಅಲೆಮಾರಿ ಸಮುದಾಯಗಳನ್ನು ಕೂಡಿ ಹಾಕಿ, ಹಾಜರಿ ಹಿಡಿದು, ಪಾಸು ಕೊಟ್ಟು, ಒಳ್ಳೇ ನಡತೆ ಕಲಿಸ್ತೀವಿ ಅಂದರು. ಬೆಳೆದ ಗಂಡಸು ತನ್ನ ನೆಂಟರ ಮನೆಗೆ ಹೋಗಬೇಕಾದರೂ ಚೀಟಿ ಬೇಕು. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂಬ ಹೆಸರು ಇವತ್ತಿಗೂ ಜನರ ಬಾಯಲ್ಲಿ ಉಳಿದಿದೆ. ಆ ಕಾಯ್ದೆ 1952ರ ಆಗಸ್ಟ್ 31ರಂದು ಹೋಯಿತು. ಆದರೆ 1961ರಲ್ಲಿ ನಮ್ಮ ರಾಜ್ಯದ್ದೇ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ಹಳೇ ಬಾಟ್ಲಿಗೆ ಹೊಸ ಚೀಟಿ.

ಅದೇ 1961ರಲ್ಲಿ ದೆಹಲಿಯಲ್ಲಿ ಇನ್ನೊಂದು ಕಾಯ್ದೆ ಬಂತು, ವರದಕ್ಷಿಣೆ ನಿಷೇಧ ಕಾಯ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಕ್ಕಿಪಿಕ್ಕಿಗಳ ಸಂಪ್ರದಾಯದಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ತೆರ ಕೊಡಬೇಕು. ಇಂಜಿನಿಯರ್ ಗಂಡಿಗೆ ಸೈಟು, ಕಾರು, ಕೆ.ಜಿ. ಲೆಕ್ಕದ ಬೆಳ್ಳಿ ಕೇಳುವ ಬಡಾವಣೆಗಳಲ್ಲಿ ಕಾಯ್ದೆ ಬಂದು ಆರು ದಶಕ ಕಳೆದರೂ ಆ ರೂಢಿ ನಿಂತಿಲ್ಲ. ತಲೆಮಾರಿನಿಂದ ತಲೆಮಾರಿಗೆ, ಒಂದೇ ಜಾತಿಯೊಳಗೆ, ಗೊತ್ತಿದ್ದೂ ಗೊತ್ತಿದ್ದೂ ಮಾಡುವ ಅಪರಾಧಕ್ಕೆ ರೂಢಿಗತ ಅಪರಾಧ ಅಂತ ಯಾಕೆ ಹೆಸರು ಬರಲಿಲ್ಲ? ಆ ಜಾತಿಗಳನ್ನು ಯಾವ ಸೆಟ್ಲ್‌ಮೆಂಟಿನಲ್ಲಿ ಕೂಡಿ ಹಾಕಿದರು? 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಜೈಲಿನ ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದೂ, ವಿಮುಕ್ತ ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳಂತೆ ಕಾಣುವುದೂ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. 1871ರಿಂದ 2024ಕ್ಕೆ ಎಷ್ಟು ವರ್ಷ ಅಂತ ಶಾಲೆಯ ಮಕ್ಕಳಿಗೆ ಕಳೆಯುವ ಲೆಕ್ಕ ಕೊಡಬಹುದು.

ಬನ್ನೇರುಘಟ್ಟದ ಕಡೆಗೇ ಬರೋಣ. ಹಕ್ಕಿ ಹಿಡಿಯುವುದು, ಬೇಟೆ, ನಾರು ಬೇರು ಮಾರುವುದು ಹಕ್ಕಿಪಿಕ್ಕಿಗಳ ಕಸುಬು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರಲ್ಲಿ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಾಯಿತು. ಅಪ್ಪನಿಗೆ ಕಸುಬಾಗಿದ್ದದ್ದು ಮಗನಿಗೆ ಕೇಸಾಯಿತು. ಮಾಗಡಿ, ರಾಮನಗರ, ಆನೇಕಲ್ ಸೀಮೆಯ ಕಾಡಂಚಿನ ಇರುಳಿಗರಿಗೂ ಇದೇ ಗತಿ. ಜೇನು, ಗೆಡ್ಡೆಗೆಣಸು, ಸೌದೆ ಎಲ್ಲಕ್ಕೂ ಕಾವಲುಗಾರ ಬಂದ. ಹಕ್ಕಿ, ಆನೆ ಉಳಿಯಬಾರದು ಅಂತ ನಾವು ಹೇಳುತ್ತಿಲ್ಲ. ಕಾಡನ್ನು ಉಳಿಸುವ ಬೆಲೆಯನ್ನು ಯಾರ ತಟ್ಟೆಯಿಂದ ಕಿತ್ತುಕೊಂಡರು ಅಂತ ಕೇಳುತ್ತಿದ್ದೇವೆ. ಕಸುಬನ್ನು ಕಿತ್ತುಕೊಂಡು, ಬದಲಿಗೆ ಇನ್ನೊಂದು ಕಸುಬು ಕೈಗೆ ಕೊಡದೆ, ಮೂರು ವರ್ಷ ಬಿಟ್ಟು ಬಂದು 'ಯಾಕ್ರಯ್ಯ ಸೋಮಾರಿಗಳಾಗಿದೀರಿ' ಅಂತ ಕೇಳುವುದು ಯಾವ ಊರಿನ ನ್ಯಾಯ?

ನೆಲದ ಲೆಕ್ಕವೂ ಹೀಗೇ. ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 1882ರಲ್ಲಿ ಮೈಸೂರು ಮಹಾರಾಜರು 3,900 ಎಕರೆ ಕೊಟ್ಟರು, ವೈಟ್‌ಫೀಲ್ಡ್ ಹುಟ್ಟಿತು. 1978ರ ಹೊತ್ತಿಗೆ ಕಿಯೋನಿಕ್ಸ್ ಕಂಪನಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ 330 ಎಕರೆಗೂ ಮೀರಿ ಕೊಂಡಿತು, ಎಲೆಕ್ಟ್ರಾನಿಕ್ ಸಿಟಿ ಹುಟ್ಟಿತು. ಒಂದು ಸಮುದಾಯ ನೆಲೆ ನಿಲ್ಲಬೇಕಾದರೆ ನೆಲ ಬೇಕು ಅಂತ ಅರಸರಿಗೂ ಗೊತ್ತಿತ್ತು, ಸರ್ಕಾರಕ್ಕೂ ಗೊತ್ತಿತ್ತು. ಅಲೆಮಾರಿಗಳ ಸರದಿ ಬಂದಾಗ ಮಾತ್ರ ಆ ತಿಳುವಳಿಕೆ ಮಾಯ. ನೆಲ ಕೊಡದೆ ನೀತಿ ಹೇಳಿದರು.

'ಒಂದು ಕಡೆ ನಿಲ್ಲಲ್ಲ' ಎಂಬ ದೂರಿಗೆ ಇನ್ನೊಂದು ಮಾತು ಸೇರಿಸಬೇಕು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು. ನಾಡಿನ ಬಹಳ ಜನಕ್ಕೆ ಇವರು ಆಫ್ರಿಕಾದವರೆಗೆ ಹೋಗಿ ಎಣ್ಣೆ, ಗಿಡಮೂಲಿಕೆ ಮಾರಿ ಬರುತ್ತಾರೆ ಅಂತ ಗೊತ್ತಾದದ್ದೇ ಆಗ. ಹುಣಸೂರಿನ ಪಕ್ಷಿರಾಜಪುರದ ತಲೆಗೂದಲಿನ ಎಣ್ಣೆ ದೇಶವೆಲ್ಲ ಸುತ್ತುತ್ತದೆ. ಬೇಟೆಯ ದಾರಿ ಮುಚ್ಚಿದಾಗ ಕಾಲ ಮೇಲೆ ನಿಂತು, ಭಾಷೆ ಗೊತ್ತಿಲ್ಲದ ದೇಶಕ್ಕೆ ಹೋಗಿ ಅಂಗಡಿ ಹೂಡಿದವರು ಇವರು. ಎಲೆಕ್ಟ್ರಾನಿಕ್ ಸಿಟಿಯ ಹುಡುಗ ವಿದೇಶಕ್ಕೆ ಹೋದರೆ ಆನ್‌ಸೈಟು, ಮನೆಯವರು ಹೋಳಿಗೆ ಮಾಡ್ತಾರೆ. ಹಕ್ಕಿಪಿಕ್ಕಿ ಹೋದರೆ ಅಲೆಮಾರಿತನ, ಬುದ್ಧಿ ಹೇಳ್ತಾರೆ.

ಈಗ ಸಾಹಿತ್ಯಕ್ಕೆ ಬರೋಣ, ಯಾಕಂದರೆ ಈ ಅಳತೆಗೋಲನ್ನು ನಯವಾಗಿ ಪಾಲಿಶ್ ಮಾಡಿದ್ದರಲ್ಲಿ ಓದುವವರ ಪಾಲೂ ಇದೆ. ಶಿವರಾಮ ಕಾರಂತರ 'ಚೋಮನ ದುಡಿ' 1933ರದು. 1975ರಲ್ಲಿ ಬಿ.ವಿ. ಕಾರಂತರ ಸಿನಿಮಾ ಆಗಿ ರಾಷ್ಟ್ರದ ಸ್ವರ್ಣಕಮಲ ಪಡೆಯಿತು. ಚೋಮ ಕುಡಿಯುತ್ತಾನೆ, ದುಡಿ ಬಾರಿಸುತ್ತಾನೆ, ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತಾನೆ. ಅಯ್ಯೋ ಪಾಪ ಅಂತ ಕಣ್ಣೊರೆಸಿಕೊಂಡ ಓದುಗರಿಗೆ ಲೆಕ್ಕವಿಲ್ಲ. ಆದರೆ ಆ ಕಾದಂಬರಿಯಲ್ಲಿ ದೊಡ್ಡವರ ಹಾಗೆ ನಡೆದುಕೊಂಡವರು ಯಾರು ಅಂತ ಕೇಳಿಕೊಂಡು ಓದಿದವರು ಎಷ್ಟು ಜನ? ಕಾಫಿ ತೋಟದ ಸಾಲ ತೀರಿಸಬೇಕು ಅಂತ ಮಕ್ಕಳನ್ನು ದುಡಿಯಲು ಕಳಿಸಿದವನು ಚೋಮ. ಕೊಟ್ಟ ಮಾತಿಗೆ, ಕೊಳ್ಳದ ನೆಲಕ್ಕೆ, ಸಾಕಿದ ಎತ್ತಿಗೆ ಕಟ್ಟುಬಿದ್ದವನು ಚೋಮ. ಗೇಯಲು ನೆಲ ಕೊಡಬೇಕು ಅಂತ ಮನಸ್ಸಿನಲ್ಲಿದ್ದರೂ ತಾಯಿಯ ಮಾತಿಗೆ ಹೆದರಿ ಹಿಂದೆ ಸರಿದವನು ಧಣಿ ಸಂಕಪ್ಪಯ್ಯ. ನೀಲ ನೀರಿನಲ್ಲಿ ಮುಳುಗುವಾಗ ಮೈಲಿಗೆಗೆ ಹೆದರಿ ದಡದಲ್ಲಿ ನಿಂತು ನೋಡಿದವರು ದೊಡ್ಡ ಮನೆಯವರು. ಇವರಲ್ಲಿ ಯಾರಿಗೆ ಬುದ್ಧಿ ಬಲಿತಿಲ್ಲ? ವಿಮರ್ಶೆ ಚೋಮನ ದುರಂತ ಅಂತ ಬರೆಯಿತು. ಧಣಿಯ ಹೇಡಿತನ ಅಂತ ಬರೆದಿದ್ದರೆ ಅದೇ ಪುಸ್ತಕ ಬೇರೆ ಪುಸ್ತಕವಾಗುತ್ತಿತ್ತು. ಕರುಣೆ ದೊಡ್ಡದೇ. ಆದರೆ ಕರುಣೆಯಲ್ಲಿ ಕೊಡುವವನು ಮೇಲೆ ನಿಂತಿರುತ್ತಾನೆ, ಚೋಮನ ತೀರ್ಪು ಏನಿತ್ತು ಅಂತ ಅವನು ಬಗ್ಗಿ ಕೇಳುವುದಿಲ್ಲ.

ದೇವನೂರ ಮಹಾದೇವರ 'ಒಡಲಾಳ'ಕ್ಕೆ ಬಂದರೆ ಕೋಲು ತಿರುಗುತ್ತದೆ. ಸಾಹುಕಾರ ಎತ್ತಪ್ಪನ ಕಡಲೆಕಾಯಿ ಮೂಟೆ ಹಟ್ಟಿಗೆ ಬರುತ್ತದೆ. ಮನೆಮಂದಿಯೆಲ್ಲ ಬೆಂಕಿ ಸುತ್ತ ಕೂತು ತಿನ್ನುತ್ತಾರೆ. ಬೆಳಗಾದರೆ ಪೊಲೀಸು. ಮೂಟೆಯೂ ಇಲ್ಲ, ಸಿಪ್ಪೆಯೂ ಇಲ್ಲ. ಸಾಹುಕಾರನ ಪುಸ್ತಕದಲ್ಲಿ ಅದು ಕಳವು. ಎತ್ತಪ್ಪನ ಹೊಲದಲ್ಲಿ ಬೆವರು ಯಾರದು ಅಂತ ಗೊತ್ತಿದ್ದವರ ಪುಸ್ತಕದಲ್ಲಿ ಅದು ಬಾಕಿ ಬಂದ ಕೂಲಿ. ಮಹಾದೇವ ಇಲ್ಲಿ ವಾದ ಮಾಡುವುದಿಲ್ಲ, ಕ್ಷಮೆ ಕೇಳುವುದಿಲ್ಲ, ಹಸಿದವರ ನಗುವನ್ನು ಮುಂದೆ ಇಡುತ್ತಾರೆ. ಇದಕ್ಕಿಂತ ಮುಖ್ಯವಾದದ್ದು ಸಾಕವ್ವ. ಆ ಮನೆಯಲ್ಲಿ ಯಾರು ಏನು ಮಾಡಿದರೂ ಅವಳ ಬಾಯಿಗೆ ಸಿಗಲೇಬೇಕು. ಹಟ್ಟಿಯೊಳಗೆ ಅಳತೆ ಇಲ್ಲ ಅಂತ ಹೇಳುವವರು ಸಾಕವ್ವನ ಬೈಗುಳ ಕೇಳಿಲ್ಲ. ಅಳತೆ ಇದೆ. ಅದು ಊರ ಮೇಲಿಂದ ಇಳಿದು ಬಂದದ್ದಲ್ಲ ಅಷ್ಟೆ.

ಪುಸ್ತಕದ ಸಾಕವ್ವನನ್ನು ರಸ್ತೆಯಲ್ಲಿ ನೋಡಬೇಕಾದರೆ 2016ರ ಏಪ್ರಿಲ್ 18, 19 ನೆನಪು ಮಾಡಿಕೊಳ್ಳಬೇಕು. ಕೆಲಸ ಬಿಟ್ಟವರು ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಮುಟ್ಟುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಕೇಳೋದಕ್ಕೆ ಚೆನ್ನಾಗಿದೆ, ಮುಪ್ಪಿಗೆ ಉಳಿತಾಯ. ಒಳಗಿನ ಮಾತು ಹಳೇದೇ: ಇವು ಕೈಗೆ ಸಿಕ್ಕಿದ್ರೆ ಖರ್ಚು ಮಾಡ್ತವೆ. ಗಾರ್ಮೆಂಟ್ಸಿನ ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ, ಪೀಣ್ಯದ ಕಡೆ ತುಮಕೂರು ರಸ್ತೆಗೆ ಇಳಿದರು. ಯಾವ ದೊಡ್ಡ ನಾಯಕನೂ ಕರೆ ಕೊಟ್ಟಿರಲಿಲ್ಲ. ಫ್ಯಾಕ್ಟರಿ ಯಾವತ್ತು ಬೀಗ ಹಾಕುತ್ತೋ ಗೊತ್ತಿಲ್ಲ, ಮಗಳ ಫೀಸು, ಗಂಡನ ಆಸ್ಪತ್ರೆ, ಬಡ್ಡಿಯವನ ಕಾಟ ಇವತ್ತೇ ಇದೆ. ಮಿಷಿನ್ ಮುಂದೆ ಕೂತು ಸೊಂಟ ಬಿದ್ದವಳಿಗೆ 58ರ ಮಾತು ಹೇಳೋದು ಯಾರಿಗೆ ಸುಲಭ? ಎರಡು ದಿನದಲ್ಲಿ ಸರ್ಕಾರ ನಿಯಮ ವಾಪಸು ತಗೊಂಡಿತು. ನಮ್ಮ ದುಡ್ಡಿನ ವಿಷಯದಲ್ಲಿ ನಾವೇ ದೊಡ್ಡವರು ಅಂತ ಆ ಹೆಂಗಸರು ರಾಜ್ಯಕ್ಕಲ್ಲ, ದೇಶಕ್ಕೇ ಹೇಳಿಕೊಟ್ಟರು.

ಅಲ್ಲಿಂದ ನಾಲ್ಕು ವರ್ಷಕ್ಕೆ, 2020ರಲ್ಲಿ, ಇದೇ ಹೊರವಲಯ ಎರಡು ಸಲ ಬೆತ್ತಲಾಯಿತು. ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕೂಲಿಗಳ ಶೆಡ್ಡುಗಳನ್ನು ಕೆಡವಿದರು. ಕೊಳಕು ಮಾಡ್ತಾರೆ, ಬಾಂಗ್ಲಾದವರು ಅಂತ ಹೇಳಿದರು. ಆ ಶೆಡ್ಡುಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು. ಹೈಕೋರ್ಟು ಈ ನೆಲಸಮ ಕಾನೂನಿಗೆ ವಿರುದ್ಧ ಅಂದಿತು. ನಲ್ಲಿ ಕೊಡದೆ, ಕಕ್ಕಸು ಕೊಡದೆ, ಕೊಳಕರು ಅಂದದ್ದಕ್ಕೆ ಯಾವ ಕೋರ್ಟಿನಲ್ಲೂ ಕೇಸಿಲ್ಲ. ಮೇ ತಿಂಗಳಲ್ಲಿ ಲಾಕ್‌ಡೌನು. ಮೇ 4ರಂದು ಮದ್ಯದಂಗಡಿ ತೆರೆದರು, ಮೊದಲ ದಿನವೇ ಸುಮಾರು 45 ಕೋಟಿ ರೂಪಾಯಿ ವ್ಯಾಪಾರ. ಮೇ 5ರಂದು ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆಯಾಯಿತು, ಕೂಲಿಗಳು ಊರಿಗೆ ಹೋಗಲು ಬಿಡಬೇಕಿದ್ದ ರೈಲುಗಳನ್ನು ರದ್ದು ಮಾಡಿ ಅಂತ ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ಎಲ್ಲ ಕಡೆ ಛೀಮಾರಿ ಬಿದ್ದ ಮೇಲೆ ರೈಲು ಮತ್ತೆ ಬಂತು. ಒಂದೇ ವಾರದ ಲೆಕ್ಕ ನೋಡಿ. ಬಾಟ್ಲಿ ಕೊಳ್ಳೋದಕ್ಕೆ ಕೂಲಿಯವನು ದೊಡ್ಡವನು. ತನ್ನ ಊರಿಗೆ ಹೋಗೋದಕ್ಕೆ ಮಗು.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಸಭೆಗಳಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ನಿಲ್ಲಿಸುವ ಹಾಗಿಲ್ಲ. ಕುಡಿತ ಸುಳ್ಳಲ್ಲ. ಶನಿವಾರ ಬಟವಾಡೆಯ ರಾತ್ರಿ ಶೆಡ್ಡುಗಳ ಸಾಲಿನಲ್ಲಿ ಕೇಳುವ ಏಟಿನ ಸದ್ದು ಸುಳ್ಳಲ್ಲ. ಹಾಡಿಯಲ್ಲಿ ಮೂವತ್ತಕ್ಕೇ ಸಾಯುವ ಗಂಡಸರು, ಹದಿನೈದಕ್ಕೇ ತಾಯಿಯಾಗುವ ಹುಡುಗಿಯರು ಸುಳ್ಳಲ್ಲ. 'ವ್ಯವಸ್ಥೆಯ ತಪ್ಪು' ಎಂಬ ಒಂದೇ ಮಾತಿನಿಂದ ಇದನ್ನೆಲ್ಲ ಮುಚ್ಚುವ ಕೆಲವು ಸಂಗಾತಿಗಳು ನಮ್ಮಲ್ಲಿದ್ದಾರೆ. ಕುಡಿದು ಬಂದು ಹೆಂಡತಿಗೆ ಒದೆಯುವವನನ್ನು ಬರೀ ವ್ಯವಸ್ಥೆಯ ಬಲಿ ಅಂತ ಕರೆಯುವುದು ಅವನನ್ನು ಮತ್ತೆ ಮಗು ಮಾಡಿದ ಹಾಗೆ. ಧಣಿ ಅವನನ್ನು 'ಇವು' ಅಂದ, ನಾವು 'ಪಾಪ' ಅಂದೆವು, ಒದೆ ತಿಂದವಳನ್ನು ಇಬ್ಬರೂ ಕೇಳಲಿಲ್ಲ.

ಹಾಗಾದರೆ ಅಳತೆಗೋಲು ಯಾರ ಕೈಯಲ್ಲಿರಬೇಕು? 2007ರಲ್ಲಿ ನಡೆದ ಮೂರು ಸಂಗತಿಗಳನ್ನು ನೋಡಿದರೆ ಉತ್ತರ ಹೊಳೆಯುತ್ತದೆ. ಜೂನ್ 21ರಂದು ಆಸ್ಟ್ರೇಲಿಯಾ ಸರ್ಕಾರ ತನ್ನ ನಾರ್ದರ್ನ್ ಟೆರಿಟರಿಯ ಆದಿವಾಸಿ ಹಾಡಿಗಳ ಮೇಲೆ ತುರ್ತು ಕ್ರಮ ಘೋಷಿಸಿತು. ಮಕ್ಕಳ ಮೇಲಿನ ದೌರ್ಜನ್ಯ ತಡೆಯುವುದು ಕೊಟ್ಟ ಕಾರಣ. ಹಾಡಿಗಳಲ್ಲಿ ಮದ್ಯ ಬಂದ್, ಸರ್ಕಾರದ ಸಹಾಯಧನದಲ್ಲಿ ಅರ್ಧವನ್ನು ಏನಕ್ಕೆ ಖರ್ಚು ಮಾಡಬೇಕು ಅಂತ ಸರ್ಕಾರವೇ ಹೇಳುವುದು. ಒಬ್ಬೊಬ್ಬರ ನಡತೆ ನೋಡಲಿಲ್ಲ, ಇಡೀ ಹಾಡಿಗೇ ಒಂದೇ ಕೋಲು. ಇದಕ್ಕಾಗಿ ದೇಶದ ಜನಾಂಗ ತಾರತಮ್ಯ ವಿರೋಧಿ ಕಾಯ್ದೆಯನ್ನೇ ಅಮಾನತಿನಲ್ಲಿಟ್ಟರು. ಅದೇ ವರ್ಷ ಅದೇ ದೇಶದ ಪಶ್ಚಿಮದಲ್ಲಿ ಫಿಟ್ಸ್‌ರಾಯ್ ಕ್ರಾಸಿಂಗ್ ಎಂಬ ಸಣ್ಣ ಊರಿನಲ್ಲಿ ಆದಿವಾಸಿ ಹೆಂಗಸರೇ ಕೂಡಿಕೊಂಡು, ಸಾಲು ಸಾಲು ಹೆಣ ಹೂತು ಸಾಕಾಗಿದೆ, ಮನೆಗೆ ಒಯ್ಯುವ ಗಟ್ಟಿ ಮದ್ಯ ನಿಲ್ಲಿಸಿ ಅಂತ ಹಟ ಹಿಡಿದು ನಿಲ್ಲಿಸಿದರು. ಊರೊಳಗಿನ ವಿರೋಧವನ್ನೂ ಎದುರಿಸಿದರು. ಎರಡೂ ಕಡೆ ಮಾತು ಮದ್ಯದ್ದೇ. ಒಂದು ಕಡೆ ದಂಡ ಮಾತ್ರ, ಇನ್ನೊಂದು ಕಡೆ ಮಾನವೂ ಇತ್ತು.

ಮೂರನೆಯದು ನಮ್ಮದೇ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಹೆಂಡ ಬೇಡ, ಭೂಮಿ ಬೇಕು, ಶಾಲೆ ಬೇಕು ಎಂಬ ಅರ್ಥದ ಕೂಗನ್ನು ದಲಿತ ಸಂಘರ್ಷ ಸಮಿತಿ ಅದಕ್ಕಿಂತ ದಶಕಗಳ ಹಿಂದೆಯೇ ಹಾಕಿತ್ತು. ಸರ್ಕಾರ ಅದರಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡಿತು. ಸಾರಾಯಿ ಪ್ಯಾಕೆಟ್ ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು. ಸರ್ಕಾರದ್ದೇ ಕಂಪನಿ ಎಂ.ಎಸ್.ಐ.ಎಲ್. ಮದ್ಯದಂಗಡಿ ನಡೆಸುತ್ತದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಗುರಿ 40,000 ಕೋಟಿ ರೂಪಾಯಿ. ಬಡವ ಕುಡಿಯದೆ ಈ ಗುರಿ ಮುಟ್ಟುವುದು ಹೇಗೆ ಅಂತ ಕುಡೀತವೆ ಅಂತ ಬೈಯುವವರು ಹೇಳಬೇಕು. ಗುರಿ ಹಾಕಿಕೊಂಡು ಕುಡಿಸುವವನು ಆಡಳಿತಗಾರ, ಕುಡಿದವನು ನಡತೆಗೆಟ್ಟವನು.

2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದು ಬಂದರು. ಸಾಕವ್ವನ ಬಾಯಿ ಅದು, ರಸ್ತೆ ತುಂಬ. ರಾಜಧಾನಿ ಅವರಿಗೆ ನೀರು ಕೊಟ್ಟು ಕಳಿಸಿತು, ನಿಷೇಧ ಕೊಡಲಿಲ್ಲ. ಬಡವರ ನಡತೆ ಬಗ್ಗೆ ಅಷ್ಟು ಚಿಂತೆ ಮಾಡುವವರು, ಬಡ ಹೆಂಗಸರೇ ಬಂದು ನಡತೆಯ ಮಾತಾಡಿದಾಗ ಮಾತ್ರ ಕಿವಿ ಮುಚ್ಚಿಕೊಂಡರು.

ನಮ್ಮ ನಿಲುವು ಸರಳ. ನಡತೆ ಕೆಟ್ಟಾಗ ಅದರ ಬೆಲೆ ತೆರುವವರು ಯಾರೋ, ಅಳತೆ ಹೇಳುವ ಹಕ್ಕು ಅವರದು. ಅದು ಸೂಪರ್‌ವೈಸರನದಲ್ಲ, ಆಫೀಸರನದಲ್ಲ, ಪದವಿ ಪಡೆದು ಹಟ್ಟಿಯಿಂದ ಹೊರಬಿದ್ದ ನಮ್ಮದೂ ಅಲ್ಲ. ಏಟು ತಿಂದವಳದು, ಶಾಲೆ ಬಿಟ್ಟ ಮಗುವಿನದು, ಸಂಬಳದ ದಿನ ಬರಿಗೈಯಲ್ಲಿ ಕೂತ ಮುದುಕಿಯದು. ಅವರು ಗಂಡಸರನ್ನೂ ಕೇಳುತ್ತಾರೆ, ಸರ್ಕಾರವನ್ನೂ ಕೇಳುತ್ತಾರೆ, ನಮ್ಮನ್ನೂ ಬಿಡುವುದಿಲ್ಲ. ಕೇಳಲಿ.

ಇದನ್ನು ಓದುವ ಹಳ್ಳಿ ಮೇಷ್ಟ್ರುಗಳಿಗೆ ಒಂದು ಮಾತು. ಹಾಡಿಯ ಮಗು ಬರದಿದ್ದರೆ ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೆಯುತ್ತೀರಿ. ಅದರ ಮುಂದೆ ಕಾರಣ ಬರೆಯಿರಿ: ಅಪ್ಪನ ಮೇಲೆ ಕೇಸು, ಅವ್ವ ಕೂಲಿಗೆ, ಮನೆ ಕೆಡವಿದರು, ಮಗು ತಂಗಿಯನ್ನು ನೋಡಿಕೊಳ್ಳುತ್ತಿದೆ. ವರ್ಷದ ಕೊನೆಗೆ ಆ ಪುಸ್ತಕವೇ ನಾಡಿನ ನಡತೆ ಸರ್ಟಿಫಿಕೇಟು ಆಗುತ್ತದೆ. ವಿದ್ಯಾರ್ಥಿಗಳು ಚೋಮನನ್ನು ಪರೀಕ್ಷೆಗೆ ಓದುವಾಗ ಸಂಕಪ್ಪಯ್ಯನ ಮೇಲೂ ಒಂದು ಪ್ರಶ್ನೆ ಕೇಳಿ ಅಂತ ಅಧ್ಯಾಪಕರನ್ನು ಒತ್ತಾಯಿಸಲಿ. ಬರೆಯುವ ಗೆಳೆಯರು ನಮ್ಮ ಜನರನ್ನು ದೇವರೂ ಮಾಡಬೇಡಿ, ಪಾಪದವರೂ ಮಾಡಬೇಡಿ. ಅವರು ಕುಡೀತಾರೆ ಅಂತ ಬರೆಯಿರಿ, ಕುಡೀತವೆ ಅಂತ ಬರೆಯಬೇಡಿ. ಅಷ್ಟು ವ್ಯಾಕರಣ ಸರಿಯಾದರೆ ಉಳಿದ ಜಗಳ ಸಮಕ್ಕೆ ನಿಂತು ಆಡಬಹುದು.